ಬೆರಳಕ್ಕನ ಬಿಟ್ಟಿ ಕೆಲಸ

ನಾನು ಆಗ ಜಿಲ್ಲಾ ಕೋರ್ಟಿನಲ್ಲಿ ಬೆರಳಚ್ಚುಗಾರ. ಅಲ್ಲಿಗೇ ಬರುತ್ತಿದ್ದ ಕೈಮಾತಿನ ದುಭಾಷಿಯೊಬ್ಬಳನ್ನು ಎಲ್ಲರೂ ಬೆರಳಕ್ಕ ಎನ್ನುತ್ತಿದ್ದರು. ನಮ್ಮಿಬ್ಬರ ಹೊಟ್ಟೆಪಾಡೂ ಬೆರಳ ಮೇಲೆ ನಡೆಯುತ್ತದೆ ಎಂದು ಕ್ಯಾಂಟೀನಿನವನು ತಮಾಷೆ ಮಾಡುತ್ತಿದ್ದ. ವ್ಯತ್ಯಾಸ ಇಷ್ಟೇ. ಯಂತ್ರದ ಮುಂದಿನಿಂದ ಎದ್ದರೆ ನನ್ನ ಬೆರಳು ಸುಮ್ಮನಾಗುತ್ತಿದ್ದವು. ಅವಳ ಬೆರಳು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ.

ಕಿವಿ ಕೇಳದವರು ಸಾಕ್ಷಿಯಾಗಿಯೋ ಆರೋಪಿಯಾಗಿಯೋ ಕೋರ್ಟಿಗೆ ಬಂದರೆ ವಕೀಲರ ಮಾತನ್ನು ಅವರ ಕೈಮಾತಿಗೆ, ಅವರ ಕೈಮಾತನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುವುದು ಅವಳ ಕೆಲಸ. ಶಾಲೆಯಲ್ಲಿ ಕಲಿತ ವಿದ್ಯೆಯಲ್ಲ ಅದು. ಅವಳ ತಾಯಿ ಹುಟ್ಟು ಕಿವುಡಿ. ಒಂದು ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ಅಂಟು ಹಚ್ಚುತ್ತ ಮಗಳನ್ನು ಸಾಕಿದವಳು. ಬೆರಳಕ್ಕ ಬಾಯಿ ತೆರೆಯುವ ಮೊದಲೇ ಕೈಯಲ್ಲಿ ಹಾಲು ಕೇಳಿದ್ದಳಂತೆ. ಹಾಗಾಗಿ ಏನೋ, ಬಸ್ಸಿಗೆ ಕಾಯುವಾಗ, ಲಿಫ್ಟಿನಲ್ಲಿ, ಚಹಾ ಆರುವ ತನಕ, ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವು ಏನನ್ನೋ ಹೇಳಿಕೊಳ್ಳುತ್ತಿದ್ದವು. ಕಾಲೂ ಅಷ್ಟೇ. ಕುರ್ಚಿ ಕೊಟ್ಟರೆ ಅಂಚಿನಲ್ಲಿ ಕೂರುವಳು, ಎದ್ದು ಕಿಟಕಿಯವರೆಗೆ ಹೋಗಿ ಬರುವಳು.

"ನಿಮ್ಮಮ್ಮನ ಹತ್ರಾನೂ ಹೀಗೇನಾ?" ಎಂದು ಒಮ್ಮೆ ಕೇಳಿದೆ.

"ಅಮ್ಮ ನನ್ನ ಎರಡೂ ಕೈ ಹಿಡ್ಕೊಂಡುಬಿಡ್ತಾಳೆ. ಆಗ ಬಾಯಿ ಮುಚ್ಚಿಸಿದ ಹಾಗೆ ಆಗುತ್ತೆ" ಅಂದಳು.

ಅವಳು ಕಾಯಂ ನೌಕರಳಲ್ಲ. ವಿಚಾರಣೆ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ಈ ಒಂದು ವಿಷಯ ಮುಂದೆ ಎಲ್ಲ ರಂಪಕ್ಕೂ ಕಾರಣವಾಯಿತು.

ಆ ವರ್ಷ ನಮ್ಮ ಕೋರ್ಟಿಗೆ ಒಂದು ಬೆಂಕಿಯ ಪ್ರಕರಣ ಬಂತು. ಹಾಸಿಗೆ ತಯಾರಿಸುವ ಕಾರ್ಖಾನೆಯೊಂದರ ಗೋದಾಮು ಉರಿದುಹೋಗಿತ್ತು. ಅಲ್ಲಿ ಹತ್ತಿ ತುಂಬುವ ಕೆಲಸಕ್ಕಿದ್ದ ಒಬ್ಬ ಕಿವುಡ ಯುವಕನನ್ನು ಹಿಡಿದಿದ್ದರು. ಕಬ್ಬಿಣದ ಸಲಾಕೆ ಹಿಡಿದು ಗೋದಾಮಿನ ಷಟರ್ ಬಡಿಯುತ್ತಿದ್ದುದನ್ನು ಕಂಡವರಿದ್ದರು. ಮಾಲೀಕನ ಮೇಲೆ ಅವನಿಗೆ ಸಿಟ್ಟಿತ್ತು ಎನ್ನುವವರಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಠಾಣೆಯಲ್ಲಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ಹೇಳಿದ್ದರು. ನಾವು ಅವನನ್ನು ಹಾಸಿಗೆಯವನು ಎಂದೇ ಕರೆಯುತ್ತಿದ್ದೆವು. ಅವನಿಗೆ ಇದ್ದವಳು ಒಬ್ಬಳೇ ಅಕ್ಕ, ಬಟ್ಟೆ ಇಸ್ತ್ರಿ ಮಾಡಿ ಬದುಕುವವಳು. ಪ್ರತಿ ಸಲವೂ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದಳು.

ಹಾಸಿಗೆಯವನು ಶಾಲೆಯ ಮುಖ ನೋಡಿದವನಲ್ಲ. ಅವನ ಕೈಮಾತು ಅವನೂ ಅಕ್ಕನೂ ಸೇರಿ ಮನೆಯಲ್ಲಿ ಹುಟ್ಟಿಸಿಕೊಂಡದ್ದು. ಒಡಹುಟ್ಟಿದವಳಾದ್ದರಿಂದ ಅಕ್ಕನನ್ನು ದುಭಾಷಿಯಾಗಿ ಕೂರಿಸುವಂತಿರಲಿಲ್ಲ. ಅಕ್ಕ ಎಂದರೆ ಇಸ್ತ್ರಿಪೆಟ್ಟಿಗೆ ತಳ್ಳುವ ಕೈ. ಮಾಲೀಕ ಎಂದರೆ ಮುಂದೆ ಬಂದ ಹೊಟ್ಟೆ. ಪೊಲೀಸ್ ಎಂದರೆ ಟೋಪಿ. ನಮ್ಮ ನ್ಯಾಯಾಧೀಶರು ಕನ್ನಡಕ ಜಾರಿದಾಗಲೆಲ್ಲ ಒಂದು ಬೆರಳಲ್ಲಿ ಮೇಲಕ್ಕೆ ತಳ್ಳುವ ಹೆಂಗಸು. ಅವರಿಗೂ ಅವನು ಮೊದಲ ದಿನವೇ ಹೆಸರಿಟ್ಟುಬಿಟ್ಟ. ಬೆರಳಕ್ಕ ಕೋರ್ಟಿನ ಅಪ್ಪಣೆ ಪಡೆದು, ಎರಡೂ ಕಡೆಯ ವಕೀಲರ ಎದುರಿನಲ್ಲೇ ದಿನಗಟ್ಟಲೆ ಕೂತು ಅವನ ಒಂದೊಂದೇ ಸನ್ನೆಯನ್ನು ಹೆಕ್ಕಿಕೊಂಡಳು. ಅವನು ತನ್ನ ಕಡೆಯ ಮಾತು ಹೇಳಬೇಕಾದ ದಿನ ಗೊತ್ತಾಯಿತು. ಅಷ್ಟರಲ್ಲಿ ಹಣಕಾಸು ವರ್ಷ ಮುಗಿಯಿತು.

ನಮ್ಮ ಕೋರ್ಟಿನ ಲೆಕ್ಕದ ಅಧಿಕಾರಿಗೆ ಬೀಗಪ್ಪ ಎಂದು ಹೆಸರು. ಬೀಗ ಎಂದರೆ ಮಗಳ ಮಾವನಲ್ಲ, ಬಾಗಿಲಿಗೆ ಹಾಕುವ ಬೀಗ. ಪೆನ್ಸಿಲ್ ಕೇಳಿದರೂ ಮೊದಲು "ಇಲ್ಲ" ಅಂದು ಆಮೇಲೆ ಯೋಚಿಸುವ ಮನುಷ್ಯ. ಅವನು ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಸಭಾಂಗಣದಲ್ಲಿ ನಿಲ್ಲಿಸಿ ಹೇಳಿದ:

"ನೋಡಿ, ದೊಡ್ಡ ದೊಡ್ಡವರನ್ನ ಜೈಲಿಗೆ ಕಳಿಸೋ ಕೋರ್ಟಾದ್ರೂ ಬಲ್ಬು ಕೊಳ್ಳೋಕೆ ಸಂಸತ್ತಿನ ಹತ್ರಾನೇ ಹೋಗ್ಬೇಕು. ಪ್ರತಿ ವರ್ಷ ಎಲ್ಲ ಇಲಾಖೆಗಳೂ ಕೋರ್ಟುಗಳೂ ನಮಗೆ ಇಷ್ಟಿಷ್ಟು ಬೇಕು ಅಂತ ಅಲ್ಲಿ ಕೇಳ್ತಾವೆ. ಅಲ್ಲಿನ ಸಮಿತಿಗಳು ಕರೆಸಿ ವಿಚಾರಿಸ್ತಾವೆ. ಆಮೇಲೆ ಮಸೂದೆ. ಕೆಳಮನೆ ಮೇಲ್ಮನೆ ಎರಡೂ ಅದೇ ಮಸೂದೆಗೆ ಹೂಂ ಅನ್ಬೇಕು, ಮೇಲೆ ಸಹಿ ಬೀಳ್ಬೇಕು. ಅಲ್ಲೀ ತನಕ ಖಜಾನೆಯಿಂದ ಒಂದು ಕಾಸೂ ಹೊರಗೆ ಬರಲ್ಲ. ಈ ಸಲ ಹೂಂ ಅಂದಿಲ್ಲ."

"ನಮ್ಮ ಮೇಲೆ ಏನು ಕೋಪ ಅವರಿಗೆ?" ಎಂದು ಗುಮಾಸ್ತ ಕೇಳಿದ.

"ನಮ್ಮ ಮೇಲೆ ಯಾರಿಗೂ ಕೋಪ ಇಲ್ಲ. ನಮ್ಮನ್ನೂ ತೆರಿಗೆ ಇಲಾಖೆಯನ್ನೂ ಒಂದೇ ಮಸೂದೆಗೆ ಕಟ್ಟಿದ್ದಾರೆ. ಜಗಳ ತೆರಿಗೆಯವರ ಬಗ್ಗೆ."

ಪಕ್ಕದ ಸೀಟಿನವನ ಜಗಳಕ್ಕೆ ಇಡೀ ಬಸ್ಸೇ ನಿಂತ ಹಾಗೆ ಎಂದು ನನಗೆ ಅನ್ನಿಸಿತು. ನ್ಯಾಯಾಧೀಶರ ಸಂಬಳಕ್ಕೆ ಸಂವಿಧಾನದ ರಕ್ಷಣೆಯಿತ್ತು, ಅದು ವರ್ಷವರ್ಷದ ಹೂಂಗೆ ಕಾಯುವುದಿಲ್ಲ. ನಮ್ಮಂಥ ಕಾಯಂ ನೌಕರರು ಸಂಬಳವಿಲ್ಲದೆ ಬರಬೇಕು, ಮಸೂದೆ ಆದಮೇಲೆ ಬಾಕಿ ಸಿಗುತ್ತದೆ. ಪೊಲೀಸರಿಗೂ ಜೈಲಿಗೂ ಬೇರೆ ಮಸೂದೆ, ಅದು ಆಗಲೇ ಪಾಸಾಗಿತ್ತು. ದಿನಗೂಲಿಯವರನ್ನು ಮಾತ್ರ ಕರೆಯುವಂತಿಲ್ಲ. ಹಾಗಾಗಿ ದುಭಾಷಿ ಬೇಕಾದ ವಿಚಾರಣೆಗಳೆಲ್ಲ ಮುಂದಕ್ಕೆ.

ಬೆರಳಕ್ಕ ನಿಂತಲ್ಲೇ ಕಾಲು ಬದಲಿಸುತ್ತಿದ್ದಳು. ಎಲ್ಲರೂ ಚದುರಿದ ಮೇಲೆ ಬೀಗಪ್ಪನ ಮೇಜಿನ ಮುಂದೆ ಹೋಗಿ ನಿಂತಳು.

"ಸರ್, ನಾನು ದುಡ್ಡು ಕೇಳಲ್ಲ. ಆ ಹಾಸಿಗೆಯವನ ಒಂದು ಕೇಸಿಗೆ ಬಿಟ್ಟಿ ಬರ್ತೀನಿ."

"ಇಲ್ಲ" ಅಂದ ಬೀಗಪ್ಪ. ಆಮೇಲೆ ಯೋಚಿಸಿದ. ಯೋಚಿಸಿದ ಮೇಲೂ ಅದನ್ನೇ ಅಂದ. "ಬಿಟ್ಟಿ ಕೆಲಸ ತಗೊಳ್ಳೋ ಅಧಿಕಾರ ನಮಗಿಲ್ಲಮ್ಮ. ಕಾನೂನೇ ಇದೆ."

"ಪುಕ್ಕಟೆ ಕೊಟ್ರೂ ಬೇಡ ಅನ್ನೋ ಕಾನೂನಾ?"

"ಪುಕ್ಕಟೆ ಕೊಟ್ರೇ ಬೇಡ ಅನ್ನೋ ಕಾನೂನು."

ಅವಳು ಅಲ್ಲಿಂದ ನೇರವಾಗಿ ನ್ಯಾಯಾಧೀಶರ ಕೊಠಡಿಗೆ ಹೋದಳು. ಬಾಗಿಲು ತೆರೆದೇ ಇತ್ತು. ನಾನು ಸಹಿಗೆ ಕಾಗದ ಹಿಡಿದು ಒಳಗೇ ನಿಂತಿದ್ದೆ. ನ್ಯಾಯಾಧೀಶರು ಅವಳ ಮಾತನ್ನು ಪೂರ್ತಿ ಕೇಳಿದರು.

"ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ. ಆದ್ರೆ ಯೋಚನೆ ಮಾಡಿ. ಸಂಸತ್ತು ಕೊಡದೇ ಇದ್ದದ್ದನ್ನ ನಾವು ಹಿಂದಿನ ಬಾಗಿಲಿಂದ ತಗೊಂಡ ಹಾಗಾಗುತ್ತೆ. ಇವತ್ತು ನೀವು ಒಳ್ಳೆ ಮನಸ್ಸಿಂದ ಬರ್ತೀರಿ. ನಾಳೆ ಯಾರೋ ದುಡ್ಡಿರೋನು ಬಂದು, ನಿಮ್ಮ ಕೋರ್ಟಿಗೆ ನನ್ನ ಖರ್ಚಲ್ಲೇ ಗುಮಾಸ್ತರನ್ನ ಇಟ್ಕೊಡ್ತೀನಿ ಅಂತಾನೆ. ಅವನಿಗೆ ಏನು ಹೇಳ್ಲಿ?"

"ಹಾಸಿಗೆಯವನು ಜೈಲಲ್ಲಿದ್ದಾನೆ ಮೇಡಂ. ಜಾಮೀನು ಕೇಳೋಕೂ ನಾನೇ ಬೇಕು."

"ಗೊತ್ತು" ಎಂದರು ನ್ಯಾಯಾಧೀಶರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಉಜ್ಜಿಕೊಂಡರು. ಆಮೇಲೆ ಸಹಿಯ ಕಾಗದಕ್ಕೆ ನನ್ನತ್ತ ಕೈ ಚಾಚಿದರು.

ಆಮೇಲಿನ ದಿನಗಳಲ್ಲಿ ಬೆರಳಕ್ಕ ಬಿಲದಲ್ಲಿ ಹೊಗೆ ಹಾಕಿಸಿಕೊಂಡ ಇಲಿಯ ಹಾಗೆ ಆದಳು. ಕೆಲಸವಿಲ್ಲದಿದ್ದರೂ ಬೆಳಿಗ್ಗೆ ಕೋರ್ಟಿಗೆ ಬರುವಳು. ನನ್ನ ಮೇಜಿನ ಹತ್ತಿರ ನಿಂತು "ಆಯ್ತಂತಾ?" ಎನ್ನುವಳು. ಇಲ್ಲವೆಂದರೆ ಹೋಗುವಳು, ಗೇಟು ದಾಟುವ ಮೊದಲೇ ಮತ್ತೆ ಬರುವಳು. ಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಾಳೆಂದು ಅವಳ ತಾಯಿ ನೆರೆಯವರ ಮುಂದೆ ಕೈಯಾಡಿಸಿ ದೂರಿದಳಂತೆ. ಕೊನೆಗೆ, ಆಗಿದೆಯೋ ಇಲ್ಲವೋ ಕಣ್ಣಾರೆ ನೋಡಿಯೇ ಬರುತ್ತೇನೆಂದು ಬಸ್ಸು ಹತ್ತಿ ಸಂಸತ್ತಿಗೇ ಹೋದಳು. ಪ್ರೇಕ್ಷಕರ ಗ್ಯಾಲರಿಗೆ ಯಾರು ಬೇಕಾದರೂ ಹೋಗಬಹುದಿತ್ತು.

ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಕೆಳಗೆ ಒಬ್ಬ ಸದಸ್ಯ ಎದ್ದು ತೆರಿಗೆ ಇಲಾಖೆಗೆ ಅಷ್ಟು ಜನ ಹೊಸ ನೌಕರರು ಯಾಕೆ ಎಂದು ಕೇಳುತ್ತಿದ್ದ. ಇನ್ನೊಬ್ಬ ಎದ್ದು ತೆರಿಗೆ ಕದಿಯುವವರನ್ನು ಹಿಡಿಯೋದು ನಿಮಗೆ ಬೇಡವೇ ಎನ್ನುತ್ತಿದ್ದ. ಕೋರ್ಟು ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ಅವಳು ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ಅಷ್ಟರಲ್ಲಿ ಕಾವಲಿನವನು ಬಂದು ಭುಜ ಮುಟ್ಟಿದ.

"ಅಮ್ಮಾ, ಇಲ್ಲಿಂದ ಸದಸ್ಯರಿಗೆ ಸನ್ನೆ ಮಾಡೋ ಹಾಗಿಲ್ಲ."

"ನಾನೆಲ್ಲಿ ಮಾಡ್ದೆ?"

"ಆಗಿಂದ ಮಾಡ್ತಾನೇ ಇದ್ದೀರಿ."

ನೋಡಿಕೊಂಡರೆ ನಿಜ. ಕೆಳಗಿನ ಚರ್ಚೆಯನ್ನೆಲ್ಲ ಅವಳ ಕೈಗಳು ತಿರುಗಿಸಿ ಹೇಳುತ್ತ ಹೋಗಿದ್ದವು, ಯಾರೂ ಕೇಳದೆ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಅವು ಮತ್ತೆ ಎದ್ದವು. ಕಾವಲಿನವನು ಅವಳನ್ನು ಮರ್ಯಾದೆಯಿಂದಲೇ ಹೊರಗೆ ಕಳಿಸಿದ. ಅಂದೂ ಮಸೂದೆ ಪಾಸಾಗಲಿಲ್ಲ.

ಮಾರನೆಯ ದಿನ ಹಾಸಿಗೆಯವನ ಅಕ್ಕ ಕೋರ್ಟಿನ ಗೇಟಿನಲ್ಲಿ ಅವಳನ್ನು ತಡೆದಳು. ತಮ್ಮ ಊಟ ಬಿಟ್ಟಿದ್ದಾನೆ. ಕೋರ್ಟಿನ ದಿನ ಬಂದರೂ ಯಾಕೆ ಕರೆದೊಯ್ಯಲಿಲ್ಲ ಎಂದು ಕೇಳುತ್ತಾನೆ. ಅವಳಿಗೇ ತಿಳಿಯದ್ದನ್ನು ಅವನಿಗೆ ಹೇಗೆ ಹೇಳುವುದು? ವಕೀಲರು ಏನೋ ಮಸೂದೆ ಎಂದರು. ಆ ಮಾತು ಅವಳಿಗೆ ಅರ್ಥವಾಗಲಿಲ್ಲ.

"ಕನ್ನಡಕದಮ್ಮ ನನ್ನನ್ನ ಮರೆತುಬಿಟ್ರಾ ಅಂತಾನೆ. ನೀವೊಂದ್ಸಲ ಬಂದು ಹೇಳಿ ಅಕ್ಕಾ."

ದುಭಾಷಿಗೆ ಒಂದು ಕಟ್ಟುನಿಟ್ಟು ಇದೆ. ಕೋರ್ಟಿನ ಹೊರಗೆ ಕಕ್ಷಿದಾರನ ಜೊತೆ ತಾನಾಗಿ ಮಾತಾಡಕೂಡದು. ಮಾತಾಡಿದರೆ ಅವಳು ಯಾವುದೋ ಒಂದು ಕಡೆಯವಳಾಗುತ್ತಾಳೆ. ಆ ನಿಯಮ ಬೆರಳಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವಳೇ ಅವಳು. ಆಗುವುದಿಲ್ಲವೆಂದು ಆ ಹೆಂಗಸಿಗೆ ಹೇಳಿ ಬಸ್ ನಿಲ್ದಾಣದವರೆಗೆ ಹೋದಳು. ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಳು. ತಿರುಗಿ ಬಂದು, "ನಡೀರಿ" ಅಂದಳು.

ಜೈಲಿನ ಭೇಟಿ ಕೊಠಡಿಯಲ್ಲಿ ಉದ್ದಕ್ಕೂ ಗಾಜಿನ ತಡೆ. ಈಚೆಯವರು ಆಚೆಯವರಿಗೆ ಕೇಳಲೆಂದು ಕೂಗುತ್ತಿದ್ದರು. ಪಕ್ಕದವರ ಕೂಗಿಗೆ ಇವರು ಇನ್ನೂ ಜೋರಾಗಿ ಕೂಗುತ್ತಿದ್ದರು. ಆ ಗದ್ದಲದಲ್ಲಿ ನೆಮ್ಮದಿಯಾಗಿ ಮಾತಾಡಿದವರು ಇವರೇ ಮೂವರು. ಹಾಸಿಗೆಯವನು ಸೊರಗಿದ್ದ. ಬೆರಳಕ್ಕನನ್ನು ಕಂಡೊಡನೆ ಒಂದು ಬೆರಳಲ್ಲಿ ಇಲ್ಲದ ಕನ್ನಡಕ ಮೇಲಕ್ಕೆ ತಳ್ಳಿ ಪ್ರಶ್ನೆಯ ಮುಖ ಮಾಡಿದ.

ಅವನ ಭಾಷೆಯಲ್ಲಿ ಸರ್ಕಾರಕ್ಕೆ ಸನ್ನೆ ಇರಲಿಲ್ಲ. ಸಂಸತ್ತಿಗೂ ಇಲ್ಲ, ಮಸೂದೆಗೂ ಇಲ್ಲ. ಬೆರಳಕ್ಕ ಮೊದಲು ಗಾಳಿಯಲ್ಲೇ ಕೈಯಾಡಿಸಿ ಒಂದು ದೊಡ್ಡ ಮನೆ ಕಟ್ಟಿದಳು. ಅದರೊಳಗೆ ಸಾಲುಸಾಲಾಗಿ ಜನರನ್ನು ಕೂರಿಸಿದಳು. ಮೇಲೆ ಒಂದು ನೀರಿನ ತೊಟ್ಟಿ ಇಟ್ಟಳು. ಅದರಿಂದ ಕೊಳವೆಗಳು. ಒಂದು ಆಸ್ಪತ್ರೆಗೆ, ಒಂದು ರಸ್ತೆಗೆ, ಒಂದು ಟೋಪಿಯವನಿಗೆ, ಒಂದು ಕನ್ನಡಕದವರಿಗೆ. ವರ್ಷಕ್ಕೊಮ್ಮೆ ನಲ್ಲಿಗಳೆಲ್ಲ ತಾವಾಗಿ ಮುಚ್ಚಿಕೊಳ್ಳುತ್ತವೆ. ಒಳಗಿನವರು ಕೈ ಎತ್ತಿದರೆ ತೆರೆಯುತ್ತವೆ. ಈ ಸಲ ಕನ್ನಡಕದವರ ನಲ್ಲಿಗೆ ಕೈ ಎತ್ತಿಲ್ಲ, ಜಗಳಾಡುತ್ತಿದ್ದಾರೆ. ನನ್ನ ಕೈಗೆ ಅದೇ ನಲ್ಲಿಯ ನೀರು. ಅದಕ್ಕೇ ನಾನು ಬರಲಿಲ್ಲ.

ಅವನು ಕಣ್ಣು ಕಿರಿದು ಮಾಡಿ ನೋಡಿದ. ಕೇಳಿದ: ಅವರೆಲ್ಲ ಬಾಯಲ್ಲೇ ಮಾತಾಡ್ತಾರಾ?

ಹೌದು.

ಎಲ್ಲರಿಗೂ ಕಿವಿ ಕೇಳಿಸುತ್ತಾ?

ಹೌದು.

ಮತ್ತೇನು ಕಷ್ಟ ಅವರಿಗೆ?

ಅವನ ಅಕ್ಕನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ನಕ್ಕವಳ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಬೆರಳಕ್ಕನೂ ನಕ್ಕಳು. ಅವನು ಮಾತ್ರ ನಗಲಿಲ್ಲ. ಹಿಂದೆ ಬಾಗಿಲಲ್ಲಿ ನಿಂತ ಜೈಲಿನವನ ಕಡೆ ಹೆಬ್ಬೆರಳು ತೋರಿಸಿದ. ಟೋಪಿಯವನ ನಲ್ಲಿ ಮುಚ್ಚಿಲ್ವಾ?

ಮುಚ್ಚಿಲ್ಲ, ಅಂದಳು.

ಅವನು ಹೌದೆನ್ನುವಂತೆ ತಲೆಯಾಡಿಸಿದ, ಮೆಲ್ಲಗೆ, ಮರ್ಯಾದೆಯಿಂದ. ಅವನು ಅರ್ಥವಾಗದಿದ್ದಾಗಲೂ ಒಪ್ಪದಿದ್ದಾಗಲೂ ಹಾಗೆ ತಲೆಯಾಡಿಸುತ್ತಾನೆಂದು ಬೆರಳಕ್ಕನಿಗೆ ಆಗಲೇ ಗೊತ್ತಿತ್ತು. ಆದರೂ ಅಂದಿನಿಂದ ಅವನು ಊಟ ಮಾಡತೊಡಗಿದ.

ಕೆಲವು ದಿನಗಳ ಮೇಲೆ ಸಂಸತ್ತಿನ ಎರಡೂ ಮನೆಗಳು ರಾಜಿಯಾದವು. ಕಳೆದ ವರ್ಷದ ಲೆಕ್ಕದಲ್ಲೇ ಸದ್ಯಕ್ಕೆ ಖರ್ಚು ನಡೆಸಿ ಎನ್ನುವ ತಾತ್ಕಾಲಿಕ ಮಸೂದೆಯೊಂದು ಪಾಸಾಯಿತು. ತೆರಿಗೆ ಇಲಾಖೆಯ ಜಗಳ ಇತ್ಯರ್ಥವಾಗಲಿಲ್ಲ, ಮುಂದಕ್ಕೆ ಹೋಯಿತು. ಬೀಗಪ್ಪ ಬಂದು, "ಆಯ್ತು" ಅಂದ. ಅವನ ಬಾಯಲ್ಲಿ ಆ ಶಬ್ದ ಕೇಳಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹಾಸಿಗೆಯವನ ವಿಚಾರಣೆ ಮತ್ತೆ ಶುರುವಾದ ಬೆಳಿಗ್ಗೆ ಕೋರ್ಟು ತುಂಬಿತ್ತು. ಪ್ರತಿ ಸಲದಂತೆ ಗುಮಾಸ್ತ ಪ್ರಮಾಣವಚನದ ಮೊದಲು ದುಭಾಷಿಗೆ ಕೇಳುವ ಪ್ರಶ್ನೆಯನ್ನು ಗಡಗಡನೆ ಓದಿದ: ಈ ಪ್ರಕರಣದ ಯಾರ ಜೊತೆಗಾದರೂ ಕೋರ್ಟಿನ ಅಪ್ಪಣೆಯಿಲ್ಲದೆ ಮಾತಾಡಿದ್ದೀರಾ? ಅವನು ಉತ್ತರಕ್ಕೆ ಕಾಯುವವನೂ ಅಲ್ಲ, ಇಲ್ಲವೆಂದು ಬರೆದುಕೊಂಡೇ ಮುಂದಿನ ಸಾಲಿಗೆ ಹೋಗುವವನು.

"ಮಾತಾಡಿದ್ದೀನಿ" ಅಂದಳು ಬೆರಳಕ್ಕ.

ನನ್ನ ಬೆರಳು ಯಂತ್ರದ ಮೇಲೆ ನಿಂತವು. ಆರೋಪಿಯ ವಕೀಲರು ಹಣೆಗೆ ಕೈ ಹಚ್ಚಿದರು. ಅವಳು ಜೈಲಿಗೆ ಹೋದದ್ದು, ಹೇಳಿದ್ದು, ಅವನು ಕೇಳಿದ್ದು, ಎಲ್ಲವನ್ನೂ ಹೇಳಿದಳು. ನಲ್ಲಿಯ ವಿಷಯವನ್ನೂ. ಸರ್ಕಾರಿ ವಕೀಲರು ಎದ್ದು ಆಕ್ಷೇಪಿಸಿದರು. ಆಕ್ಷೇಪಿಸದೆ ಅವರಿಗೂ ಗತಿ ಇರಲಿಲ್ಲ. ನ್ಯಾಯಾಧೀಶರು ಬಹಳ ಹೊತ್ತು ಬರೆದರು. ಈ ಪ್ರಕರಣದಿಂದ ಅವಳನ್ನು ತೆಗೆಯಲಾಗಿದೆ, ಒಂದು ವರ್ಷ ಯಾವ ಕೋರ್ಟಿನಲ್ಲೂ ದುಭಾಷಿಯಾಗಿ ಕರೆಯತಕ್ಕದ್ದಲ್ಲ. ಆ ಆದೇಶವನ್ನು ನಾನೇ ಬೆರಳಚ್ಚು ಮಾಡಿದೆ.

ಮಧ್ಯಾಹ್ನ ಕ್ಯಾಂಟೀನಿನ ಹಿಂದೆ ಅವಳನ್ನು ಹಿಡಿದೆ. "ಇಲ್ಲ ಅಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಅವನ ಪರವಾಗಿ ನಾನು ಹೇಳೋ ಒಂದೊಂದು ಮಾತೂ ನಿಜ ಅಂತ ನೀವೆಲ್ಲ ನಂಬಬೇಕಲ್ಲ. ಮೊದಲ ಮಾತೇ ಸುಳ್ಳಾದ್ರೆ?"

"ಹೋಗಿದ್ದಕ್ಕೆ ಪಶ್ಚಾತ್ತಾಪ ಇದೆಯಾ?"

"ಇದೆ. ಆದ್ರೆ ಮತ್ತೆ ಕರೆದ್ರೆ ಮತ್ತೆ ಹೋಗ್ತೀನಿ" ಅಂದಳು. ಚಹಾ ಕುಡಿಯದೆ ಎದ್ದು ಹೋದಳು.

ಬೇರೆ ಊರಿನಿಂದ ಹೊಸ ದುಭಾಷಿ ಬಂದರು. ನರೆತ ಕೂದಲಿನ ಸಭ್ಯ ಮನುಷ್ಯ, ಕಿವುಡರ ಶಾಲೆಯಲ್ಲಿ ಪಾಠ ಮಾಡಿದವರು. ಅವರ ಕೈಮಾತು ಮುದ್ರಿಸಿದ ಪುಸ್ತಕದಷ್ಟು ಸ್ಪಷ್ಟ. ಅದನ್ನು ಹಾಸಿಗೆಯವನು ಓದಬಲ್ಲವನಾಗಿರಲಿಲ್ಲ, ಅಷ್ಟೇ. ಬೆರಳಕ್ಕ ಜನರ ಮಧ್ಯೆ ಕೊನೆಯ ಬೆಂಚಿನಲ್ಲಿ, ಎರಡೂ ಕೈಗಳನ್ನು ಚೀಲದೊಳಗೆ ತೂರಿಸಿಕೊಂಡು ಕೂತಿದ್ದಳು. ಚೀಲ ಒಳಗಿನಿಂದ ಅಲುಗುತ್ತಿತ್ತು.

ಸರ್ಕಾರಿ ವಕೀಲರು ಕೇಳಿದರು: ಆ ಸಂಜೆ ನೀನು ಗೋದಾಮಿನ ಹತ್ತಿರ ಇದ್ದೆಯಾ? ದುಭಾಷಿ ಕೈಯಾಡಿಸಿದರು. ಹಾಸಿಗೆಯವನು ತಲೆಯಾಡಿಸಿದ. ಕೈಯಲ್ಲಿ ಸಲಾಕೆ ಇತ್ತೇ? ತಲೆಯಾಡಿಸಿದ. ಬೆಂಕಿ ಹಚ್ಚಿದ್ದು ನೀನೇ ಏನು? ಮೆಲ್ಲಗೆ, ಮರ್ಯಾದೆಯಿಂದ, ಹೌದೆಂಬಂತೆ ತಲೆಯಾಡಿಸಿದ.

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಅವನ ಅಕ್ಕ ಅರ್ಧ ಎದ್ದು ನಿಂತಳು. ಸರ್ಕಾರಿ ವಕೀಲರು ಕೂರುವುದರಲ್ಲಿದ್ದರು. ನ್ಯಾಯಾಧೀಶರು ಮಾತ್ರ ಅವನ ಮುಖವನ್ನೇ ನೋಡುತ್ತಿದ್ದರು.

"ನಾನೊಂದು ಪ್ರಶ್ನೆ ಕೇಳ್ತೀನಿ" ಎಂದರು. "ಈ ಕೋರ್ಟಿನ ನ್ಯಾಯಾಧೀಶ ನೀನೇ ಏನಪ್ಪಾ?"

ದುಭಾಷಿ ಅನುಮಾನಿಸುತ್ತಲೇ ಕೈಯಾಡಿಸಿದರು. ಹಾಸಿಗೆಯವನು ತಲೆಯಾಡಿಸಿದ.

"ಇಲ್ಲಿರೋ ವಕೀಲರೆಲ್ಲ ನಿನ್ನ ಮಕ್ಕಳಾ?"

ಅದಕ್ಕೂ ತಲೆಯಾಡಿಸಿದ. ಯಾರೂ ನಗಲಿಲ್ಲ. ಠಾಣೆಯಲ್ಲಿ ಅವನು ಒಪ್ಪಿಕೊಂಡದ್ದು ಏನೆಂದು ಆ ಕ್ಷಣ ಎಲ್ಲರಿಗೂ ಹೊಳೆದಿತ್ತು. ನಾನು ಆ ಪ್ರಶ್ನೋತ್ತರವನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಿದೆ.

ಹೊಸ ದುಭಾಷಿ ಪ್ರಾಮಾಣಿಕರು. "ಮೇಡಂ, ಇವರು ನನಗೆ ಅರ್ಥ ಆಗ್ತಿಲ್ಲ, ನಾನೂ ಇವರಿಗೆ ಅರ್ಥ ಆಗ್ತಿಲ್ಲ. ಇಂಥ ಕಡೆ ಹುಟ್ಟಿನಿಂದ ಕಿವಿ ಕೇಳದವರು ಒಬ್ಬರು ನಡುವೆ ಇರ್ಬೇಕು. ಇವರು ಹೇಳಿದ್ದನ್ನ ಅವರು ಹಿಡ್ಕೊಂಡು ನನಗೆ ಕೊಡ್ತಾರೆ, ನಾನು ನಿಮಗೆ ಕೊಡ್ತೀನಿ."

"ಅಂಥವರು ಸಿಗ್ತಾರಾ?"

"ಈ ಊರಲ್ಲೇ ಒಬ್ಬ ಹೆಂಗಸಿದ್ದಾರೆ. ಪುಸ್ತಕ ಹೊಲಿಯೋರು. ನಮ್ಮ ಶಾಲೆಗೆ ಬಂದ, ಕೈಮಾತೂ ಬಾರದ ಮಕ್ಕಳನ್ನ ಮೊದಲು ಅವರ ಹತ್ರ ಕಳಿಸ್ತಿದ್ವಿ."

ಎಲ್ಲರ ಕಣ್ಣೂ ಕೊನೆಯ ಬೆಂಚಿನ ಕಡೆ ತಿರುಗಿತು. ಸರ್ಕಾರಿ ವಕೀಲರು ಒಂದು ಗಳಿಗೆ ಯೋಚಿಸಿದರು. ಬೆರಳಕ್ಕನ ತಾಯಿ ಆರೋಪಿಯ ಮುಖ ಕಂಡವಳಲ್ಲ. ಮನೆಯಲ್ಲಿ ಈ ಕೇಸಿನ ಮಾತೆತ್ತಿಲ್ಲವೆಂದು ಮಗಳು ಪ್ರಮಾಣ ಮಾಡಿ ಹೇಳಿದ ಮೇಲೆ, ತಮ್ಮ ತಕರಾರಿಲ್ಲ ಎಂದರು. ಉಳಿದದ್ದು ಬೀಗಪ್ಪ. ಒಂದೇ ವಿಚಾರಣೆಗೆ ಇಬ್ಬರು ದುಭಾಷಿಗಳ ಕೂಲಿ ಕೊಡಬಹುದೇ? ಅವನು ಮಂಜೂರಾತಿಯ ಸಾಲನ್ನು ಎರಡು ಸಲ ಓದಿದ.

"ದುಭಾಷಿಗಳಿಗೆ ಅಂತಿದೆ. ಬಹುವಚನ" ಅಂದ. ಅವನು ನಗುವಿಗೆ ಅಷ್ಟು ಹತ್ತಿರ ಬಂದದ್ದನ್ನು ನಾನು ಮತ್ತೆ ನೋಡಿಲ್ಲ.

ತಾಯಿ ಬಂದಳು. ಗಿಡ್ಡ ಮುದುಕಿ, ಸೂಜಿ ಚುಚ್ಚಿ ಚುಚ್ಚಿ ಗಡಸಾದ ಬೆರಳು. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಹಾಸಿಗೆಯವನ ಎದುರು ಮಂಡಿಗೆ ಮಂಡಿ ತಾಗುವ ಹಾಗೆ ಕೂತು, ಮೊದಲು ಅವನ ತಲೆಯಾಡುವುದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಆಮೇಲೆ ಇಬ್ಬರೂ ಮಾತಿಗೆ ಕೂತರು. ಕೈ ಮಾತ್ರವಲ್ಲ, ಭುಜ, ಹುಬ್ಬು, ಕೆನ್ನೆ, ಎಲ್ಲವೂ ಮಾತಾಡಿದವು. ಗೊತ್ತಾದದ್ದು ಇಷ್ಟು: ಅವನು ಮುಖ ತೊಳೆಯಲು ಹೊರಗೆ ಹೋಗಿದ್ದ. ಬರುವಾಗ ಮೀಟರಿನ ಪೆಟ್ಟಿಗೆಯ ಹತ್ತಿರ ಹೊಗೆ ಕಂಡ. ಒಳಗೆ ಜನ ಇದ್ದರು. ಕೂಗಲು ಅವನಿಗೆ ದನಿಯಿಲ್ಲ. ಅದಕ್ಕೇ ಸಲಾಕೆ ತೆಗೆದುಕೊಂಡು ಷಟರ್ ಬಡಿದ, ಒಳಗಿನವರು ಹೊರಗೆ ಬರುವ ತನಕ ಬಡಿದ. ಹಾಗೆ ಹೊರಗೆ ಬಂದವರಲ್ಲೇ ಇಬ್ಬರು ಅವನ ವಿರುದ್ಧ ಸಾಕ್ಷಿ ಹೇಳಿದ್ದರು.

ಮೀಟರಿನ ಪೆಟ್ಟಿಗೆಯನ್ನು ಪರೀಕ್ಷಿಸಿದವರು ಬಂದು ಹೇಳಿದ್ದೂ ಅದಕ್ಕೆ ಹೊಂದಿತು. ತೀರ್ಪಿನ ದಿನ ಅವನು ಬಿಡುಗಡೆಯಾದ. ಮಾಲೀಕ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಹಣದ ಮಸೂದೆ ನಿಂತಿದ್ದ ದಿನಗಳನ್ನು ಅವನಿಗೆ ಹಿಂದಕ್ಕೆ ಕೊಡುವವರು ಯಾರೂ ಇರಲಿಲ್ಲ. ನಮ್ಮ ಬಾಕಿ ಸಂಬಳವೇನೋ ಪೂರ್ತಿ ಬಂತು. ಅವನು ಅಕ್ಕನ ಜೊತೆ ಬೇರೆ ಊರಿಗೆ ಹೋದ. ಅಲ್ಲಿಂದ ಮುದುಕಿಗೆ ಒಂದು ಹಾಸಿಗೆ ಹೊಲಿದು ಕಳಿಸಿದ. ಅವಳು ಅದು ವಿಪರೀತ ಮೆತ್ತಗಿದೆ ಎಂದು ಕಂಡವರಿಗೆಲ್ಲ ದೂರುತ್ತ ಅದರ ಮೇಲೆಯೇ ಮಲಗುತ್ತಿದ್ದಳು.

ಆ ವರ್ಷ ಬೆರಳಕ್ಕ ಆಸ್ಪತ್ರೆಯಲ್ಲಿ ರೋಗಿಗಳಿಗೆ ದುಭಾಷಿಯಾದಳು. ಅಲ್ಲಿಯೂ ಅವಳ ಮನಸ್ಸು ನಿಲ್ಲಲಿಲ್ಲ. ಪತ್ರಿಕೆಯಲ್ಲಿ ಸಂಸತ್ತಿನ ಸುದ್ದಿ ಮಾತ್ರ ಓದುವಳು, ಓದಿ ಮಡಚಿ ಮತ್ತೆ ಬಿಚ್ಚುವಳು. ತಾತ್ಕಾಲಿಕ ಮಸೂದೆಯ ಗಡುವು ಹತ್ತಿರ ಬಂದಾಗಲೆಲ್ಲ ನನಗೆ ಫೋನು ಮಾಡಿ, "ಆಯ್ತಂತಾ?" ಎನ್ನುವಳು.

ಮುಂದಿನ ವರ್ಷದ ಬೇಡಿಕೆ ಮಂಡಿಸಲು ಕೋರ್ಟುಗಳ ಪರವಾಗಿ ಹೋಗುವ ತಂಡದಲ್ಲಿ ಬೀಗಪ್ಪ ಇದ್ದ. ಹಣ ನಿಂತರೂ ದುಭಾಷಿಗಳನ್ನು ಕರೆಯಲು ಅವಕಾಶವಿರಬೇಕು, ಕಾಯಂ ನೌಕರರ ಹಾಗೆ ಅವರಿಗೂ ಬಾಕಿ ಸಿಗಬೇಕು ಎಂದು ಒಂದು ಸಾಲು ಸೇರಿಸಿಕೊಂಡಿದ್ದ. ಆ ಸಾಲಿನ ಬಗ್ಗೆ ಸಮಿತಿಯ ಮುಂದೆ ಮಾತಾಡಲು ಅವನು ಆರಿಸಿದ್ದು ಮುದುಕಿಯನ್ನು. ಅವಳ ಕೈಮಾತನ್ನು ತಿರುಗಿಸಲು ಮಗಳನ್ನೇ ಕರೆದ. ಅದು ಕೋರ್ಟಲ್ಲವಾದ್ದರಿಂದ ನಿಷೇಧ ಅಲ್ಲಿಗೆ ತಟ್ಟಲಿಲ್ಲ. ನಾನು ಕಡತಗಳನ್ನು ಹೊತ್ತು ಜೊತೆಗೆ ಹೋದೆ.

ಸಮಿತಿಯ ಕೊಠಡಿ ಚಿಕ್ಕದು. ಅರ್ಧವೃತ್ತದ ಮೇಜು, ಕೆಲವು ಖಾಲಿ ಕುರ್ಚಿ. ಮುದುಕಿ ಒಬ್ಬ ಮನುಷ್ಯ ತಲೆಯಾಡಿಸಿದ್ದರ ಕಥೆ ಹೇಳಿದಳು. ಬೆರಳಕ್ಕ ಅದನ್ನು ಹೆಚ್ಚು ಮಾಡದೆ ಕಡಿಮೆ ಮಾಡದೆ ತಿರುಗಿಸಿದಳು. ಒಬ್ಬ ಸದಸ್ಯೆ ಬರೆದುಕೊಂಡರು. ಒಬ್ಬರು ತುಟಿ ಓದಲು ಕಲಿಸಿದರೆ ಖರ್ಚು ಕಡಿಮೆಯಾಗುವುದಿಲ್ಲವೇ ಎಂದು ಕೇಳಿದರು. ಅದನ್ನೂ ಬೆರಳಕ್ಕ ತಾಯಿಗೆ ತಿರುಗಿಸಿ ಹೇಳಿದಳು, ಮುಖದಲ್ಲಿ ಏನೂ ತೋರಗೊಡದೆ. ಮುದುಕಿ ಕೈಯಲ್ಲಿ ಉತ್ತರಿಸಿದಳು. "ನಿಮ್ಮ ಮೀಸೆ ತುಟಿಯನ್ನೇ ಮುಚ್ಚಿದೆ ಅಂತಾರೆ" ಎಂದು ಬೆರಳಕ್ಕ ತಿರುಗಿಸಿದಳು. ಸದಸ್ಯರು ಮೀಸೆ ಸವರಿಕೊಂಡರು. ಅಧ್ಯಕ್ಷರು ಗಡಿಯಾರ ನೋಡಿ ಏನೋ ಹೇಳಿದರು, ನಾವು ಎದ್ದೆವು.

ಆ ಸಾಲು ಆ ವರ್ಷದ ಮಸೂದೆಯಲ್ಲಿ ಉಳಿಯಿತು. ಮರುವರ್ಷ ಮತ್ತೆ ಕೇಳಬೇಕಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ತಾಯಿ ಮಗಳು ಒಂದೊಂದು ಕೈಯಲ್ಲಿ ಕಂಬಿ ಹಿಡಿದು, ಉಳಿದ ಒಂದೊಂದು ಕೈಯಲ್ಲೇ ಮಾತಾಡುತ್ತಿದ್ದರು. ಏನಂತೆ ಎಂದು ನಾನು ಕೇಳಿದೆ.

"ಕೊನೆಗೆ ಆ ಅಧ್ಯಕ್ಷರು ಏನಂದ್ರು ಅಂತ ಕೇಳ್ತಿದ್ದಾಳೆ."

"ಏನಂದ್ರು?"

"ಮುಂದಿನ ಇಲಾಖೆಯವರನ್ನ ಕಳಿಸಿ ಅಂದ್ರು."

"ಹಾಗೇ ಹೇಳಿದ್ಯಾ?"

"ಹಾಗೇ ಹೇಳ್ದೆ. ಅವಳು ನಂಬ್ತಿಲ್ಲ. ಥ್ಯಾಂಕ್ಸ್ ಅಂದಿರ್ಬೇಕು, ನೀನೇ ಸರಿಯಾಗಿ ಕೇಳಿಸ್ಕೊಂಡಿಲ್ಲ ಅಂತಿದ್ದಾಳೆ."

ಮುದುಕಿ ನನ್ನ ಕಡೆ ನೋಡಿ, ಮಗಳ ಕಿವಿಯತ್ತ ಬೆರಳು ತೋರಿಸಿ, ಏನು ಮಾಡೋದು ಎನ್ನುವ ಹಾಗೆ ಅಂಗೈ ಬಿಚ್ಚಿದಳು. ಬಸ್ಸು ತಿರುವಿನಲ್ಲಿ ವಾಲಿತು. ಇಬ್ಬರೂ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದರು. ಬಸ್ಸು ನೆಟ್ಟಗಾಗುವವರೆಗೆ ಮಾತು ನಿಂತಿತು.